ಕಾಡಾ ಇಕ್ವೈನಾ: ಸೊಂಟದೊಳಗಿನ ಕುದುರೆ ಬಾಲ

ಸೊಂಟನೋವಿಗೆ ಸ್ಕ್ಯಾನ್ ಮಾಡಿಸಿದವರು ರಿಪೋರ್ಟಿನಲ್ಲಿ ‘ಕಾಡಾ ಇಕ್ವೈನಾ’ ಅನ್ನುವ ಹೆಸರು ನೋಡಿರಬಹುದು. ಇದು ಲ್ಯಾಟಿನ್ ಮಾತು. ಕಾಡಾ ಅಂದರೆ ಬಾಲ, ಇಕ್ವೈನಾ ಅಂದರೆ ಕುದುರೆಯದು. ಕುದುರೆ ಬಾಲ, ಅಷ್ಟೆ. ಬರೀ ಈ ಹೆಸರು ಕಂಡರೆ ಗಾಬರಿ ಬೇಡ. ಅದು ಎಲ್ಲರ ಸೊಂಟದಲ್ಲೂ ಇರುವ ನರಗಳ ಗೊಂಚಲು. ಆ ಗೊಂಚಲು ಒತ್ತಿಗೆ ಸಿಕ್ಕಿ ನಲುಗಿದಾಗ ಹೆಸರಿನ ಜೊತೆ ‘ಸಿಂಡ್ರೋಮ್’ ಸೇರಿಕೊಳ್ಳುತ್ತದೆ. ಆಗ ಮಾತ್ರ ಒಂದು ದಿನವೂ ಕಾಯುವ ಹಾಗಿಲ್ಲ.

ಬಾಲ ಯಾಕೆ ಬಂತು ಅಂದರೆ, ತಾಯಿಯ ಹೊಟ್ಟೆಯಲ್ಲಿ ಮಗು ತೀರಾ ಚಿಕ್ಕದಿದ್ದಾಗ ಬೆನ್ನುಹುರಿ ಬೆನ್ನುಮೂಳೆಯ ಉದ್ದಕ್ಕೂ ತುಂಬಿಕೊಂಡಿರುತ್ತದೆ. ಆಮೇಲೆ ಮೂಳೆ ಬೇಗ ಬೇಗ ಬೆಳೆಯುತ್ತದೆ, ಹುರಿ ಅಷ್ಟು ಬೆಳೆಯುವುದಿಲ್ಲ. ದೊಡ್ಡವರಾಗುವ ಹೊತ್ತಿಗೆ ಹುರಿ ಸೊಂಟದ ಮೊದಲನೇ ಅಥವಾ ಎರಡನೇ ಮೂಳೆಯ ಹತ್ತಿರವೇ ಮುಗಿದುಹೋಗಿರುತ್ತದೆ. ಆದರೆ ಕೆಳಗಿನ ನರಗಳು ತಮ್ಮ ತಮ್ಮ ಕಿಂಡಿಯಿಂದಲೇ ಹೊರಗೆ ಹೋಗಬೇಕಲ್ಲ, ಅದಕ್ಕೆ ಅವು ಉದ್ದಕ್ಕೆ ಎಳೆದುಕೊಂಡು ನೀರಿನಂಥ ದ್ರವದಲ್ಲಿ ಜೋತುಬಿದ್ದಿರುತ್ತವೆ. ಸುಮಾರು 10 ಜೊತೆ ನರಗಳು. ನೋಡಲಿಕ್ಕೆ ಥೇಟ್ ಕುದುರೆ ಬಾಲವೇ. ಸಿಸೇರಿಯನ್ ಮಾಡುವಾಗ ಬೆನ್ನಿಗೆ ಇಂಜೆಕ್ಷನ್ ಕೊಡುವುದೂ ಈ ಬಾಲ ಇರುವ ಜಾಗದಲ್ಲೇ. ಅಲ್ಲಿ ಹುರಿ ಇರುವುದಿಲ್ಲ, ನರಗಳು ದ್ರವದಲ್ಲಿ ತೇಲುತ್ತಾ ಸೂಜಿಗೆ ದಾರಿ ಬಿಟ್ಟುಕೊಡುತ್ತವೆ.

(ನಾವು ಮಾತಿನಲ್ಲಿ ರಕ್ತನಾಳಕ್ಕೂ ‘ನರ’ ಅಂತಲೇ ಹೇಳುತ್ತೇವೆ. ಇಲ್ಲಿ ನರ ಅಂದರೆ ಮಿದುಳಿಗೂ ಮೈಗೂ ನಡುವೆ ಸುದ್ದಿ ಒಯ್ಯುವ ತಂತಿ.)

ಈ ಬಾಲದ ಕೆಲವು ಎಳೆಗಳು ಕಾಲಿಗೆ ಹೋಗುತ್ತವೆ. ಅವುಗಳಲ್ಲಿ ಒಂದು ಒತ್ತಿಗೆ ಸಿಕ್ಕರೆ ಸೊಂಟದಿಂದ ಪೃಷ್ಠ, ತೊಡೆ, ಮೀನಖಂಡ ದಾಟಿ ಪಾದದವರೆಗೆ ಕರೆಂಟ್ ಹೊಡೆದ ಹಾಗೆ ಚಳುಕು ಇಳಿಯುತ್ತದೆ. ಅದೇ ಸಯಾಟಿಕಾ. ಆಯುರ್ವೇದದಲ್ಲಿ ಇದಕ್ಕೆ ಗೃಧ್ರಸಿ ಅಂತ ಹೆಸರು. ನೋವು ತಡೆಯಲಾರದೆ ರಣಹದ್ದಿನ ಹಾಗೆ ಕಾಲೆಳೆದು ನಡೆಯುವುದರಿಂದ ಆ ಹೆಸರು ಬಂತಂತೆ. ಎರಡು ಮೂಳೆಗಳ ನಡುವಿನ ಡಿಸ್ಕ್ ಉಬ್ಬಿ ನರವನ್ನು ಒತ್ತುವುದರಿಂದ ಈ ನೋವು ಬರುತ್ತದೆ ಅಂತ ಮಿಕ್ಸ್ಟರ್ ಮತ್ತು ಬಾರ್ ಅನ್ನುವ ಅಮೆರಿಕದ ಇಬ್ಬರು ವೈದ್ಯರು 1934ರಲ್ಲಿ ತೋರಿಸಿಕೊಟ್ಟರು. ಸಯಾಟಿಕಾ ಎಷ್ಟೇ ಜೋರಾಗಿದ್ದರೂ ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ಆಪರೇಷನ್ ಇಲ್ಲದೆ ತಗ್ಗುತ್ತದೆ.

ಬಾಲದ ನಡುವಿನ ಎಳೆಗಳ ಕೆಲಸ ಬೇರೆ. ಮೂತ್ರಚೀಲ ತುಂಬಿದೆ ಅಂತ ಹೇಳುವುದು, ಒಂದಕ್ಕೆ ಕೂತಾಗ ಬಾಗಿಲು ತೆಗೆಯುವುದು, ಮಲ ತಡೆದು ಹಿಡಿಯುವುದು, ಗುಪ್ತಾಂಗದ ಸುತ್ತ ಮುಟ್ಟಿದ್ದು ಗೊತ್ತು ಮಾಡಿಸುವುದು. ಡಿಸ್ಕಿನ ದೊಡ್ಡ ತುಂಡೊಂದು ಹಿಂದಕ್ಕೆ ಜಾರಿ ನೇರ ನಡುವಿಗೇ ಬಿದ್ದರೆ ಕಾಲಿನ ಒಂದು ಎಳೆಯಷ್ಟೇ ಅಲ್ಲ, ಇಡೀ ಬಾಲವೇ ಅಮುಕಿಹೋಗುತ್ತದೆ. ಗಡ್ಡೆ, ಕೀವು, ಬಿದ್ದು ಮುರಿದ ಮೂಳೆ, ಬೆನ್ನುಮೂಳೆಯ ಕ್ಷಯ ಇವುಗಳಿಂದಲೂ ಹೀಗಾಗಬಹುದು. ಅಪರೂಪ, ನಿಜ. ಸೊಂಟ ಹಿಡಿದ ಸಾವಿರಾರು ಜನರಲ್ಲಿ ಎಲ್ಲೋ ಒಬ್ಬರಿಗೆ. ಆದರೆ ಆ ಒಬ್ಬರು ನಮ್ಮ ಮನೆಯವರೇ ಆಗಿದ್ದರು.

ನಮ್ಮ ಚಿಕ್ಕಮ್ಮನಿಗೆ ಎಡಗಾಲಿನ ಸಯಾಟಿಕಾ ಹಳೆಯ ಪರಿಚಯ. ಒಂದು ಶನಿವಾರ ತುಂಬಿದ ಕೊಡ ಎತ್ತಿದಾಗ ಸೊಂಟ ಕಳಕ್ ಅಂದಿತು. ಈ ಸಲ ನೋವು ಎರಡೂ ಕಾಲಿಗೆ ಇಳಿಯಿತು. ರಾತ್ರಿಯೆಲ್ಲಾ ನರಳಿದರು. ಹತ್ತಿರದ ಕ್ಲಿನಿಕ್ಕಿನಲ್ಲಿ ಒಂದು ಇಂಜೆಕ್ಷನ್ ಆಯಿತು. ಮನೆಯಲ್ಲಿ ಎಣ್ಣೆ ತಿಕ್ಕಿದ್ದಾಯಿತು. ಕಾಲು ಮುಂದಾಗಿ ಹುಟ್ಟಿದವರ ಕೈಲಿ ಸೊಂಟಕ್ಕೆ ಒದೆಸಿದರೆ ಉಳುಕು ಬಿಡುತ್ತದೆ ಅಂತ ಯಾರೋ ಹೇಳಿದರು, ಪುಣ್ಯಕ್ಕೆ ಅದೊಂದು ಆಗಲಿಲ್ಲ. ಬೆಳಿಗ್ಗೆ ಎದ್ದವರು ಜಗಲಿ ಕಟ್ಟೆ ಮೇಲೆ ಕೂತು ಹೇಳಿದರು, “ನೋವು ಎಷ್ಟೋ ತಗ್ಗಿದೆ ಮಗಾ. ಕಲ್ಲಿನ ಮೇಲೆ ಕೂತರೂ ಹಾಸಿಗೆ ಮೇಲೆ ಕೂತ ಹಾಗಿದೆ ನೋಡು.”

ನಾವೆಲ್ಲ ಸಮಾಧಾನಪಟ್ಟೆವು. ರಾತ್ರಿಯಿಂದ ಒಂದಕ್ಕೆ ಹೋಗಿಲ್ಲ ಅಂತಲೂ ಅಂದರು. “ನೀರೇ ಕುಡಿದಿಲ್ಲವಲ್ಲ ನೀವು” ಅಂತ ನಾನೇ ಹೇಳಿದೆ. ಆ ಮಾತು ಇವತ್ತಿಗೂ ನನ್ನನ್ನು ಕೊರೆಯುತ್ತದೆ. ಮಧ್ಯಾಹ್ನ ಸೀರೆ ಒದ್ದೆಯಾಗಿತ್ತು. ಒದ್ದೆಯಾಗಿದ್ದು ಅವರಿಗೇ ಗೊತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ನಳಿಕೆ ಹಾಕಿದಾಗ ಹೆಚ್ಚುಕಡಿಮೆ ಒಂದು ಲೀಟರ್ ಮೂತ್ರ ಬಂತು. ಸಾಮಾನ್ಯವಾಗಿ 300-400 ಮಿಲಿಲೀಟರ್ ತುಂಬುವಷ್ಟರಲ್ಲಿ ನಮಗೆ ಒಂದಕ್ಕೆ ಹೋಗಬೇಕು ಅನ್ನಿಸುತ್ತದೆ. ಅವರ ಚೀಲ ಊದಿಕೊಂಡು ತುಳುಕುತ್ತಿತ್ತು, ಸುದ್ದಿ ಮಾತ್ರ ಮೇಲಕ್ಕೆ ಹೋಗಿರಲಿಲ್ಲ. ಅದೇ ರಾತ್ರಿ ಆಪರೇಷನ್ ಆಯಿತು. ಕಾಲು ಸರಿಯಾಯಿತು. ಮೂತ್ರದ ಹತೋಟಿ ಬರಲು ಎಂಟು ತಿಂಗಳು ಹಿಡಿಯಿತು. ಅಲ್ಲಿಯವರೆಗೆ ದಿನಕ್ಕೆ ನಾಲ್ಕು ಸಲ ತಾವೇ ನಳಿಕೆ ಹಾಕಿಕೊಂಡು ತೆಗೆಯುತ್ತಿದ್ದರು.

ಕಲ್ಲು ಮೆತ್ತಗಾಗಿದ್ದು ಗುಣವಾಗುವ ಲಕ್ಷಣ ಆಗಿರಲಿಲ್ಲ. ಕೂರುವ ಜಾಗ ಮರಗಟ್ಟಿತ್ತು. ಕುದುರೆ ಸವಾರಿ ಮಾಡುವಾಗ ಜೀನಿಗೆ ತಾಗುವ ಜಾಗ ಅಂತ ವೈದ್ಯರು ಇದನ್ನು ಗುರುತಿಸುತ್ತಾರೆ. ನಮಗೆ ಸ್ಕೂಟರ್ ಸೀಟು ಅಂದುಕೊಂಡರೆ ಸಲೀಸು. ತೊಡೆಸಂದಿ, ಗುಪ್ತಾಂಗ, ಗುದದ ಸುತ್ತ, ಪೃಷ್ಠದ ಒಳಬದಿ. ಅಲ್ಲಿ ಜೋಮು ಹಿಡಿದ ಹಾಗೆ, ದಪ್ಪ ಬಟ್ಟೆ ಸುತ್ತಿಕೊಂಡ ಹಾಗೆ ಅನ್ನಿಸಿದರೆ ಅದು ದೊಡ್ಡ ಎಚ್ಚರಿಕೆ.

ನೋವಿನ ಜೋರು ನೋಡಿ ತುರ್ತು ಹೌದೋ ಅಲ್ಲವೋ ಅಂತ ತೀರ್ಮಾನ ಮಾಡಲಾಗದು. ಹಾಸಿಗೆಯಿಂದ ಏಳಲಾಗದಷ್ಟು ನೋವಿದ್ದೂ ನರಗಳು ಸುರಕ್ಷಿತವಾಗಿರಬಹುದು. ನೋವು ಇಳಿಯುತ್ತಾ ಮರಗಟ್ಟುವಿಕೆ ಏರುತ್ತಿದ್ದರೆ ನರ ಸೋಲುತ್ತಿದೆ ಅಂತ ಅರ್ಥ. ಎಷ್ಟು ನೋವಿದೆ ಅನ್ನುವುದಕ್ಕಿಂತ ಏನು ಕೆಲಸ ನಿಂತಿದೆ ಅಂತ ಕೇಳಬೇಕು.

ಹಾಗಾಗಿ ಮನೆಯಲ್ಲಿ ಯಾರಿಗಾದರೂ ಸೊಂಟ, ಕಾಲು ನೋವು ಜಾಸ್ತಿಯಾದಾಗ ಕೇಳಿ: ಕೊನೆಯ ಸಲ ಒಂದಕ್ಕೆ ಹೋಗಿದ್ದು ಯಾವಾಗ? ಸಲೀಸಾಗಿ ಬಂತಾ, ತಿಣುಕಬೇಕಾಯಿತಾ? ಮೂತ್ರ ಹೋಗುತ್ತಿರುವುದು ಗೊತ್ತಾಗುತ್ತಾ? ತೊಳೆದುಕೊಳ್ಳುವಾಗ ನೀರು ತಣ್ಣಗೆ ತಾಗಿದ್ದು, ಕೈ ತಾಗಿದ್ದು ಎಂದಿನ ಹಾಗೇ ಇದೆಯಾ? ಗೊತ್ತಿಲ್ಲದೆ ಬಟ್ಟೆಯಲ್ಲಿ ಮಲ, ಮೂತ್ರ ಆಯಿತಾ? ನೋವು ಎರಡೂ ಕಾಲಿಗೆ ಇಳಿದಿದೆಯಾ? ಹಿಮ್ಮಡಿ ಮೇಲೆ, ತುದಿಗಾಲ ಮೇಲೆ ನಿಲ್ಲಲಿಕ್ಕೆ ಆಗುತ್ತಾ? ನಡೆಯುವಾಗ ಚಪ್ಪಲಿ ತಾನಾಗಿ ಕಳಚಿಹೋಗುತ್ತಾ? ಗಂಡಹೆಂಡಿರ ನಡುವೆ ಇದ್ದಕ್ಕಿದ್ದ ಹಾಗೆ ಸ್ಪರ್ಶ ತಿಳಿಯದಾಗಿದ್ದರೆ ಅದೂ ಇದೇ ಸಾಲಿಗೆ ಸೇರುತ್ತದೆ. ಇವುಗಳಲ್ಲಿ ಒಂದು ಹೊಸದಾಗಿ ಕಂಡರೂ ಅವತ್ತೇ, ಆ ಗಂಟೆಯೇ ಹೊರಡಬೇಕು. ಎಲ್ಲವೂ ಸೇರಿ ಬರಲಿ ಅಂತ ಕಾಯಬಾರದು.

‘ಹೊಸದಾಗಿ’ ಅನ್ನುವುದು ಮುಖ್ಯ. ಹತ್ತು ವರ್ಷದಿಂದ ಸಯಾಟಿಕಾ ಇರುವವರು “ನನಗೆ ಇದು ಇದ್ದದ್ದೇ” ಅಂತ ಸುಮ್ನೆ ಇದ್ದುಬಿಡುತ್ತಾರೆ. ನೋವು ಹಳೆಯದಿರಬಹುದು, ಮರಗಟ್ಟಿದ್ದು ಹಳೆಯದಲ್ಲ ಅಲ್ವಾ?

ಇನ್ನೊಂದು ಅಡ್ಡಿ ನಾಚಿಕೆ. ಮಗನ ಮುಂದೆ, ಸೊಸೆಯ ಮುಂದೆ, ಅಪರಿಚಿತ ಡಾಕ್ಟರ ಮುಂದೆ ಈ ಮಾತು ಬಾಯಿಗೆ ಬರುವುದಿಲ್ಲ. “ಸೊಂಟನೋವು ಡಾಕ್ಟ್ರೇ” ಅಂದು ಅಲ್ಲಿಗೇ ನಿಲ್ಲಿಸುತ್ತಾರೆ. ಡಾಕ್ಟರು ಕೇಳದೇ ಇದ್ದರೆ ಮಾತ್ರೆ ತೆಗೆದುಕೊಂಡು ವಾಪಸ್ ಬರುತ್ತಾರೆ. ದಯವಿಟ್ಟು ನೀವೇ ಹೇಳಿಬಿಡಿ. ಪರೀಕ್ಷೆ ಮಾಡುವಾಗ ಗುದದ ಸುತ್ತ ಹತ್ತಿಯಿಂದ, ಸೂಜಿಯ ಮೊನೆಯಿಂದ ಮುಟ್ಟಿ ನೋಡಬಹುದು, ಗ್ಲೌಸ್ ಹಾಕಿದ ಬೆರಳಿಟ್ಟು ಬಿಗಿತ ನೋಡಬಹುದು. ಹೆಣ್ಣುಮಕ್ಕಳು ಜೊತೆಗೆ ನರ್ಸ್ ಇರಲಿ ಅಂತ ಕೇಳಬಹುದು. ಒಂದಕ್ಕೆ ಹೋಗಿ ಬಂದ ಮೇಲೂ ಚೀಲದಲ್ಲಿ ಎಷ್ಟು ಉಳಿದಿದೆ ಅಂತ ಸ್ಕ್ಯಾನ್ ಮಾಡಿ ಅಳೆಯುತ್ತಾರೆ. 200 ಮಿಲಿಲೀಟರಿಗಿಂತ ಜಾಸ್ತಿ ಉಳಿದಿದ್ದರೆ ಅನುಮಾನ ಗಟ್ಟಿಯಾಗುತ್ತದೆ.

ಎಕ್ಸ್‌ರೇ ನಾರ್ಮಲ್ ಅಂದರೆ ನಿಶ್ಚಿಂತೆ ಅಲ್ಲ. ಎಕ್ಸ್‌ರೇಯಲ್ಲಿ ಮೂಳೆ ಕಾಣುತ್ತದೆ, ಡಿಸ್ಕೂ ನರವೂ ಕಾಣುವುದಿಲ್ಲ. ಬೇಕಾಗಿರುವುದು ಎಂಆರ್‌ಐ, ಅದೂ ಮುಂದಿನ ವಾರದ ಅಪಾಯಿಂಟ್‌ಮೆಂಟ್ ಅಲ್ಲ, ಅವತ್ತೇ. ಒತ್ತುತ್ತಿರುವುದು ಡಿಸ್ಕ್ ಅಂತ ಗೊತ್ತಾದರೆ ಆಪರೇಷನ್ ಮಾಡಿ ತುಂಡು ತೆಗೆದು ಜಾಗ ಬಿಡಿಸುತ್ತಾರೆ. 48 ಗಂಟೆಯೊಳಗೆ ಮಾಡಿದರೆ ಒಳ್ಳೆಯದು ಅನ್ನುವ ಲೆಕ್ಕ ವೈದ್ಯರಲ್ಲಿದೆ. ಹಾಗಂತ ಎರಡು ದಿನ ಸಮಯ ಇದೆ ಅಂದುಕೊಳ್ಳಬೇಡಿ. ಮೂತ್ರ ಕಷ್ಟಪಟ್ಟಾದರೂ ಹೋಗುತ್ತಿರುವಾಗಲೇ ಆಪರೇಷನ್ ಆದವರು, ಪೂರ್ತಿ ಕಟ್ಟಿದ ಮೇಲೆ ಆದವರಿಗಿಂತ ಚೆನ್ನಾಗಿ ಚೇತರಿಸಿಕೊಳ್ಳುತ್ತಾರೆ.

ಕುದುರೆ ಬಾಲದ ತೊಂದರೆ ಅಲ್ಲದಿದ್ದರೂ ಅವತ್ತೇ ತೋರಿಸಬೇಕಾದ ಬೆನ್ನುನೋವು ಇನ್ನೂ ಕೆಲವಿವೆ. ಚಳಿಜ್ವರದ ಜೊತೆ ಬಂದ ಬೆನ್ನುನೋವು. ಎತ್ತರದಿಂದ ಬಿದ್ದ ಮೇಲೆ ಬಂದದ್ದು. ಹಿಂದೆ ಕ್ಯಾನ್ಸರ್ ಆಗಿದ್ದವರಿಗೆ ರಾತ್ರಿ ಮಲಗಿದರೂ ಬಿಡದ ನೋವು. ವಯಸ್ಸಾದವರಿಗೆ ಹೊಟ್ಟೆ, ಬೆನ್ನು ಎರಡೂ ಕಿತ್ತುಬರುವ ಹಾಗೆ ನೋವಾಗಿ ತಲೆ ಸುತ್ತಿ ಬೆವತರೆ ಹೊಟ್ಟೆಯೊಳಗಿನ ದೊಡ್ಡ ರಕ್ತನಾಳ ಒಡೆದಿರಬಹುದು, ಆಗ ನಿಮಿಷಗಳ ಲೆಕ್ಕ.

ಹೊರಡುವಾಗ ಬೈಕಿನಲ್ಲಿ ಕೂರಿಸಬೇಡಿ. ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿ, ಇಲ್ಲವೇ 108ಕ್ಕೆ ಫೋನ್ ಮಾಡಿ. ಬಿದ್ದು ಪೆಟ್ಟಾಗಿದ್ದರೆ ನೀವು ಎತ್ತಿ ಕೂರಿಸಲೇಬೇಡಿ, ಆಂಬುಲೆನ್ಸಿನವರೇ ಹಲಗೆಯ ಮೇಲೆ ಎತ್ತಲಿ. ಎಂಆರ್‌ಐ ಮತ್ತು ಬೆನ್ನುಮೂಳೆಯ ಆಪರೇಷನ್ ಎರಡೂ ಇರುವ ಆಸ್ಪತ್ರೆಗೇ ನೇರ ಹೋದರೆ ಅಲೆದಾಟ ತಪ್ಪುತ್ತದೆ, ಫೋನ್ ಮಾಡಿ ಕೇಳಿಕೊಳ್ಳಿ. ಬೆಂಗಳೂರಿನ ಸುತ್ತಮುತ್ತ ಇರುವವರಿಗೆ ನಿಮ್ಹಾನ್ಸ್ ಇದೆ. ಕ್ಯಾಶುವಾಲ್ಟಿಯಲ್ಲಿ ಮೊದಲ ಮಾತಿಗೇ ಹೀಗೆ ಹೇಳಿ: “ಸೊಂಟನೋವಿದೆ, ನಿನ್ನೆ ರಾತ್ರಿಯಿಂದ ಮೂತ್ರ ಹೋಗಿಲ್ಲ, ಕೂರುವ ಜಾಗ ಮರಗಟ್ಟಿದೆ. ಕಾಡಾ ಇಕ್ವೈನಾ ಇರಬಹುದಾ ನೋಡಿ.”