ಚಾಕು ಹಿಡಿದವನಿಗೆ ಮೊದಲ ಪಾಠ

ನಾನು ಕರಾಟೆ ಕಲಿಯುತ್ತಿದ್ದ ಕಾಲದಲ್ಲಿ, ಶಾಲಾ ವಾರ್ಷಿಕೋತ್ಸವವೋ ಗಣೇಶನ ಪೆಂಡಾಲೋ, ಎಲ್ಲಿ ಡೆಮೊ ಇದ್ದರೂ ಚಾಕು ಹಿಡಿದು ಬರುವ ರೌಡಿಯ ಪಾತ್ರ ನನ್ನದೇ. ಕೆಲಸ ಸುಲಭ. ಐದಾರು ಅಡಿ ದೂರದಿಂದ ‘ಏಯ್’ ಎಂದು ಕೂಗಿ, ಒಂದು ಹೆಜ್ಜೆ ಮುಂದಿಟ್ಟು ಹೊಟ್ಟೆಗೆ ಚುಚ್ಚಬೇಕು. ಚುಚ್ಚಿದ ಕೈಯನ್ನು ಹಾಗೇ ಚಾಚಿಕೊಂಡು ನಿಲ್ಲಬೇಕು. ಸೀನಿಯರ್ ಒಬ್ಬರು ಮಣಿಕಟ್ಟು ಹಿಡಿದು ತಿರುಚುತ್ತಿದ್ದರು, ಚಾಕು ಬೀಳುತ್ತಿತ್ತು, ಹಿಂದೆಯೇ ನಾನೂ ಬೀಳುತ್ತಿದ್ದೆ. ಶಿಳ್ಳೆ, ಚಪ್ಪಾಳೆ. ಒಂದು ದಿನ ಅಭ್ಯಾಸದಲ್ಲಿ, ಏನನ್ನಿಸಿತೋ, ಚುಚ್ಚಿದ ಕೈಯನ್ನು ತಟಕ್ಕನೆ ಹಿಂದಕ್ಕೆಳೆದುಕೊಂಡು ಇನ್ನೊಮ್ಮೆ ಚುಚ್ಚಿಬಿಟ್ಟೆ. ರಬ್ಬರ್ ಚಾಕು ಹೋಗಿ ಅವರ ಪಕ್ಕೆಗೆ ತಗುಲಿತು. “ನೆಟ್ಟಗೆ ಮಾಡೋ!” ಎಂದು ಬೈಸಿಕೊಂಡೆ.

ಈಗ ನಾನೇ ಕಲಿಸಲು ಶುರುಮಾಡಿ ಇಪ್ಪತ್ತು ವರ್ಷವಾಯಿತು. ಅವತ್ತು ನಾನು ನೆಟ್ಟಗೇ ಮಾಡಿದ್ದೆ.

ಹಳೆಯ ಪಟ್ಟುಗಳೆಲ್ಲ ಸುಳ್ಳು ಎಂದು ನಾನು ಹೇಳುವುದಿಲ್ಲ. ಜೂಡೋದವರು 1956ರಲ್ಲಿ ರೂಪಿಸಿಕೊಂಡ ಕೊಡೊಕಾನ್ ಗೋಶಿನ್ ಜುತ್ಸು ಎಂಬ ಆತ್ಮರಕ್ಷಣೆಯ ಅಭ್ಯಾಸಕ್ರಮದಲ್ಲಿ 21 ಪಟ್ಟುಗಳಿವೆ, ಅದರಲ್ಲಿ ಮೂರು ಚಾಕುವಿಗೆ. ಜಪಾನಿನದೇ ಇನ್ನೊಂದು ಕಲೆ ಐಕಿಡೊದಲ್ಲಿ ಮರದ ತಾಂತೋ, ಅಂದರೆ ಗಿಡ್ಡ ಕತ್ತಿ, ಹಿಡಿದು ಮಾಡುವ ಅಭ್ಯಾಸವಿದೆ. ದೇಹದ ಕೋನ, ಕಾಲಿನ ಜಾಗ, ಹೊತ್ತು ನೋಡಿ ಸರಿಯುವುದು, ಇವೆಲ್ಲ ಅಲ್ಲಿ ಸಿಗುತ್ತವೆ. ಆದರೆ ಅದು ಕಾಗುಣಿತ. ಕಾಗುಣಿತ ಒಪ್ಪಿಸಿದವನು ಪತ್ರ ಬರೆಯಬಲ್ಲ ಎಂದು ನಂಬಿ ನಾವು ಬೆಲ್ಟ್ ಕಟ್ಟಿ ಕಳಿಸುತ್ತಿದ್ದೇವೆ.

ನಿಜವಾದ ದಾಳಿ ಹೇಗಿರುತ್ತದೆ ಎಂದು ತಿಳಿಯಲು ಸಿಸಿಟಿವಿ ದೃಶ್ಯಗಳನ್ನು ನೋಡಿದರೆ ಸಾಕು. ಚಾಕು ಮೊದಲು ಕಾಣಿಸುವುದೇ ಇಲ್ಲ. ತೊಡೆಯ ಹಿಂದೆಯೋ ಜೇಬಿನಲ್ಲೋ ಇರುತ್ತದೆ. ಅವನು ಮಾತಾಡುತ್ತಲೇ ಹತ್ತಿರ ಬರುತ್ತಾನೆ, ಎಡಗೈಯಲ್ಲಿ ಕಾಲರ್ ಹಿಡಿಯುತ್ತಾನೆ, ಬಲಗೈ ಕೆಳಗಿನಿಂದ ಗಿಡ್ಡಗಿಡ್ಡಕ್ಕೆ ಚುಚ್ಚುತ್ತಲೇ ಹೋಗುತ್ತದೆ, ಹೊಲಿಗೆ ಮಷೀನಿನ ಸೂಜಿಯ ಹಾಗೆ. ಚಾಚಿದ ಕೈ ಅಲ್ಲಿ ಎಲ್ಲಿಯೂ ಸಿಗುವುದಿಲ್ಲ. ಹೊಡೆತ ತಿಂದವರು ಎಷ್ಟೋ ಸಲ ಗುದ್ದು ಬಿತ್ತು ಅಂದುಕೊಂಡಿರುತ್ತಾರೆ, ಅಂಗಿ ಒದ್ದೆಯಾದ ಮೇಲೆ ಗೊತ್ತಾಗುತ್ತದೆ.

ದೂರದ ವಿಷಯದಲ್ಲೂ ನಮಗೆ ಭ್ರಮೆ ಹೆಚ್ಚು. ಅಮೆರಿಕದ ಸಾಲ್ಟ್ ಲೇಕ್ ಸಿಟಿ ಪೊಲೀಸ್ ತರಬೇತುದಾರ ಡೆನಿಸ್ ಟ್ಯೂಲರ್, ಓಡಿ ಬರುವ ಮನುಷ್ಯ 21 ಅಡಿ ದಾಟಲು ಸುಮಾರು ಒಂದೂವರೆ ಸೆಕೆಂಡ್ ಸಾಕು ಎಂದು ಅಳೆದು ನೋಡಿ 1983ರಲ್ಲಿ ಬರೆದರು. ಸೊಂಟದಲ್ಲಿ ಪಿಸ್ತೂಲು ಇರುವ ಪೊಲೀಸರಿಗಾಗಿ ಮಾಡಿದ ಲೆಕ್ಕ ಅದು. ಬರಿಗೈಯವನು ಐದು ಅಡಿಯಲ್ಲಿ ನಿಂತು ‘ಬಾ ನೋಡ್ಕೋತೀನಿ’ ಅನ್ನುವುದು ಸಿನಿಮಾಕ್ಕೆ ಸರಿ.

ಹಾಗಾಗಿ ನಮ್ಮ ಕ್ಲಾಸಿನಲ್ಲಿ ಮೊದಲ ಎರಡು ವಾರ ತಪ್ಪಿಸಿಕೊಳ್ಳುವ ಪಾಠವೇ ಇಲ್ಲ. ಎಲ್ಲರೂ ಚುಚ್ಚುವುದನ್ನು ಕಲಿಯುತ್ತಾರೆ. ತಂದೆ ತಾಯಂದಿರು ಗಾಬರಿಯಾಗುತ್ತಾರೆ, ಹದಿನೆಂಟು ತುಂಬಿದವರಿಗೆ ಮಾತ್ರ ಎಂದು ಸಮಾಧಾನ ಮಾಡುತ್ತೇನೆ. ಚುಚ್ಚಿದ ಕೈ ವಾಪಸ್ ಬರಬೇಕು, ಎಡಗೈಯಲ್ಲಿ ದೂಡಬೇಕು, ಚಾಕುವಿನ ಕೈ ಸಿಕ್ಕಿಬಿದ್ದರೆ ಕಿತ್ತುಕೊಳ್ಳಬೇಕು, ಕೈ ಬದಲಿಸಬೇಕು. ಇಷ್ಟು ಬಾರದವನು ಪಾರ್ಟನರ್ ಆಗಿ ನಿಂತರೆ ಎದುರಿನವನಿಗೆ ಮೋಸವೇ. ಫಿಲಿಪ್ಪೀನ್ಸಿನವರಿಗೆ ಇದು ಹೊಸದಲ್ಲ. 2009ರಲ್ಲಿ ಅವರು ರಾಷ್ಟ್ರೀಯ ಕ್ರೀಡೆ ಎಂದು ಕಾನೂನು ಮಾಡಿಕೊಂಡ ಆರ್ನಿಸ್‌ನಲ್ಲಿ ಸಾಮಾನ್ಯವಾಗಿ ಮೊದಲ ದಿನವೇ ಕೈಗೆ ಕೋಲು ಬರುತ್ತದೆ, ಬರಿಗೈ ಪಾಠ ಆಮೇಲೆ. ಆಯುಧ ಹಿಡಿದ ಕೈ ಏನು ಮಾಡಬಲ್ಲದು ಎಂಬುದು ಆಗ ಯಾರೂ ಹೇಳದೆಯೇ ಗೊತ್ತಾಗುತ್ತದೆ.

ಮೂರನೆಯ ವಾರ ಬಿಳಿ ಬನಿಯನ್. ರಬ್ಬರ್ ಚಾಕುವಿನ ಅಂಚಿಗೆ ಕೆಂಪು ಲಿಪ್‌ಸ್ಟಿಕ್ ಬಳಿಯುತ್ತೇವೆ, ಕಣ್ಣಿಗೆ ಕನ್ನಡಕ ಕಡ್ಡಾಯ. ಮೊದಮೊದಲು ನಿಧಾನ, ಆಮೇಲೆ ಹತ್ತು ಸೆಕೆಂಡಿನ ಸುತ್ತು, ಪೂರ್ತಿ ವೇಗ. ಸುತ್ತು ಮುಗಿದ ಮೇಲೆ ಬನಿಯನ್ನು ನೋಡಿಕೊಳ್ಳಿ ಅನ್ನುತ್ತೇನೆ. ನನ್ನದೂ ಸೇರಿ ಒಂದೂ ಬಿಳಿಯಾಗಿ ಉಳಿದಿಲ್ಲ. ಬ್ಲ್ಯಾಕ್ ಬೆಲ್ಟಿನವರ ಮುಖ ಸಪ್ಪಗಾಗುವುದು ಇಲ್ಲೇ. (ಆ ಕಲೆ ಹೋಗುವುದೂ ಇಲ್ಲ. ಮನೆಯಲ್ಲಿ ಬೈಸಿಕೊಳ್ಳದಿರಲು ಹಳೆಯ ಬನಿಯನ್ನನ್ನೇ ತನ್ನಿ.)

ಆ ಹತ್ತು ಸೆಕೆಂಡಿನಲ್ಲಿ ಉಳಿಯುವ ಪಟ್ಟುಗಳು ಬೆರಳೆಣಿಕೆಯಷ್ಟು. ಮಣಿಕಟ್ಟು ತಿರುಚುವುದು, ಬೆರಳಿನಿಂದ ಚಾಕು ಬಿಡಿಸುವುದು ಮೊದಲೇ ಉದುರಿಹೋಗುತ್ತವೆ. ಬೆವರು, ನಡುಕ, ಎದೆಬಡಿತದ ನಡುವೆ ಅಂಥ ನಾಜೂಕು ಕೆಲಸ ಕೈಗೆ ಬರುವುದಿಲ್ಲ. ಉಳಿಯುವುದು ಒರಟು ಕೆಲಸ: ಎರಡೂ ಕೈಯಿಂದ ಅವನ ಚಾಕುವಿನ ಕೈಯನ್ನು ಅಪ್ಪಿ, ನಿಮ್ಮ ಮೈಗೆ ಒತ್ತಿಕೊಂಡು, ಭುಜದಿಂದ ಅವನನ್ನು ಗೋಡೆಗೆ ತಳ್ಳುವುದು. ಒಂದು ಕೈಗೆ ಎರಡು ಕೈ. ಹಿಡಿದ ಮೇಲೆ ಬಿಡಬಾರದು. ಅವನ ಇನ್ನೊಂದು ಕೈ ಮುಖಕ್ಕೆ ಗುದ್ದುತ್ತದೆ, ಗುದ್ದಲಿ. ಅದಕ್ಕಿಂತ ಉತ್ತಮ, ಹಿಡಿಯುವ ಪ್ರಸಂಗವೇ ಬಾರದಂತೆ ನಡುವೆ ಏನನ್ನಾದರೂ ತಂದುಕೊಳ್ಳುವುದು. ನಿಂತ ಸ್ಕೂಟರ್, ಕುರ್ಚಿ, ಬೆನ್ನಿನ ಬ್ಯಾಗು. ನಮ್ಮ ಹುಡುಗರಿಗೆ ಅತಿ ಹೆಚ್ಚು ನೆರವಾದದ್ದು ಹೆಲ್ಮೆಟ್: ಒಳಗಿನ ಪಟ್ಟಿಗೆ ಕೈ ತೂರಿಸಿ ಗುರಾಣಿಯ ಹಾಗೆ ಹಿಡಿದವರ ಬನಿಯನ್ ಮೇಲೆ ಗೆರೆಗಳು ಕಡಿಮೆ. ಇನ್ನು ಪರ್ಸು, ಫೋನು ಕೇಳಿದರೆ ಕೊಟ್ಟುಬಿಡಿ. ಇದನ್ನು ಕಲಿಯಲು ಫೀಸು ಯಾಕೆ ಕೊಡಬೇಕು ಸರ್ ಎಂದು ಒಬ್ಬ ಕೇಳಿದ್ದ. ಕೊಡುವ ಕೈ ನಡುಗದಿರಲಿ ಎಂದು, ಅಂದೆ.

ಆತ್ಮರಕ್ಷಣೆಗೆ ನಾವೂ ಒಂದು ಚಾಕು ಇಟ್ಟುಕೊಳ್ಳಬಹುದೇ ಎಂಬ ಪ್ರಶ್ನೆ ಪ್ರತಿ ಬ್ಯಾಚಿನಲ್ಲೂ ಬರುತ್ತದೆ. ಬೇಡ. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಸೆಕ್ಷನ್‌ಗಳು ಆತ್ಮರಕ್ಷಣೆಯ ಹಕ್ಕು ಕೊಡುತ್ತವೆ, ಆದರೆ ರಕ್ಷಣೆಗೆ ಬೇಕಾದ್ದಕ್ಕಿಂತ ಹೆಚ್ಚಿನ ಹಾನಿ ಮಾಡುವ ಹಕ್ಕನ್ನಲ್ಲ. ಚಾಕು ಬಿಟ್ಟು ಓಡುತ್ತಿರುವವನನ್ನು ಅಟ್ಟಿಸಿಕೊಂಡು ಹೋಗಿ ಹೊಡೆದರೆ ಆರೋಪಿ ನೀವೇ ಆಗಬಹುದು.

ನಮ್ಮಲ್ಲಿ ಸುತ್ತು ಮುಗಿಯುವುದು ಚಾಕು ಕೆಳಗೆ ಬಿದ್ದಾಗ ಅಲ್ಲ. ಬಾಗಿಲವರೆಗೆ ಓಡಬೇಕು, 112 ಎಂದು ಕೂಗಬೇಕು, ಆಮೇಲೆ ಕತ್ತು, ಕಂಕುಳು, ಬೆನ್ನು, ತೊಡೆಯ ಸಂದು ಸವರಿ ಅಂಗೈ ನೋಡಿಕೊಳ್ಳಬೇಕು. ಆ ಹೊತ್ತಿನಲ್ಲಿ ಗಾಯ ನೋಯದೇ ಇರಬಹುದು. ರಕ್ತ ಬರುವ ಜಾಗವನ್ನು ಬಟ್ಟೆಯಿಂದ ಬಲವಾಗಿ ಒತ್ತಿ ಹಿಡಿಯುವುದನ್ನು, ಚುಚ್ಚಿಕೊಂಡ ಚಾಕುವನ್ನು ಕೀಳದೆ ಹಾಗೇ ಬಿಡುವುದನ್ನು ಪಟ್ಟುಗಳಷ್ಟೇ ಸಲ ಮಾಡಿಸುತ್ತೇನೆ. ಕಳೆದ ಬೆಲ್ಟ್ ಪರೀಕ್ಷೆಯಿಂದ ಚಾಕು ಹಿಡಿದವನಿಗೂ ಅಂಕ ಇಟ್ಟಿದ್ದೇನೆ. ಗೆಳೆಯ ಪಾಸಾಗಲಿ ಎಂದು ಒಬ್ಬ ಕೈಯನ್ನು ಚಾಚಿಕೊಂಡು ನಿಂತ. ಇಬ್ಬರನ್ನೂ ಮುಂದಿನ ಪರೀಕ್ಷೆಗೆ ಬರಲು ಹೇಳಿದೆ.