ಗಾಲೆ ಕೋಟೆ: ಗೋಡೆಯ ಮುಖ ನೋಡಿ ಚರಿತ್ರೆ ಓದುವ ಬಗೆ

ಶ್ರೀಲಂಕಾದ ನೈಋತ್ಯ ತುದಿಯಲ್ಲಿರುವ ಗಾಲೆ ಕೋಟೆಯನ್ನು ನಮ್ಮಲ್ಲಿ ಅನೇಕರು ಕ್ರಿಕೆಟ್ ಪಂದ್ಯಗಳ ಹಿನ್ನೆಲೆಯಲ್ಲಿ ಈಗಾಗಲೇ ಕಂಡಿದ್ದಾರೆ. ಮೈದಾನದಾಚೆ ಕಾಣುವ ಕಪ್ಪುಗಟ್ಟಿದ ಗೋಡೆಯೇ ಅದು. 1988ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಈ ಕೋಟೆಯನ್ನು ನೋಡಲು ಹೋಗುವವರು ಪ್ರತಿ ಗೋಡೆಯ ಮುಂದೆಯೂ ಒಂದೇ ಪ್ರಶ್ನೆ ಕೇಳಿಕೊಳ್ಳಬೇಕು: ಇದನ್ನು ಕಟ್ಟಿದವರು ಯಾರಿಗೆ ಹೆದರಿದ್ದರು?

ಉತ್ತರದ ಗೋಡೆಯಿಂದಲೇ ಆರಂಭಿಸುವುದು ಒಳ್ಳೆಯದು. ಮೂರು ಕಡೆ ಕಡಲಿರುವ ಈ ಭೂಶಿರಕ್ಕೆ ನೆಲದ ದಾರಿ ಇರುವುದು ಆ ಒಂದೇ ದಿಕ್ಕಿನಲ್ಲಿ. 1588ರಲ್ಲಿ ಕೋಟೆ ಕಟ್ಟಲು ತೊಡಗಿದ ಪೋರ್ಚುಗೀಸರು ಮುಖ್ಯವಾಗಿ ಭದ್ರಪಡಿಸಿದ್ದು ಈ ಪಾರ್ಶ್ವವನ್ನೇ. ಅವರನ್ನು ಹೊರದಬ್ಬಲು ದ್ವೀಪದ ಒಳನಾಡಿನ ಕ್ಯಾಂಡಿ ರಾಜ್ಯದ ದೊರೆ ಎರಡನೆಯ ರಾಜಸಿಂಹನು 1638ರಲ್ಲಿ ಡಚ್ಚರೊಡನೆ ಒಪ್ಪಂದ ಮಾಡಿಕೊಂಡನು. ಆದರೆ 1640ರಲ್ಲಿ ಗಾಲೆಯನ್ನು ಗೆದ್ದ ಡಚ್ಚರು, ಯುದ್ಧದ ಖರ್ಚು ತೀರಿಲ್ಲವೆಂಬ ನೆಪವೊಡ್ಡಿ, ಅದನ್ನು ತಾವೇ ಇಟ್ಟುಕೊಂಡರು. ದಾಲ್ಚಿನ್ನಿಯ ವ್ಯಾಪಾರ ಅಷ್ಟು ಬೆಲೆಬಾಳುವಂಥದ್ದಾಗಿತ್ತು. ಹೀಗೆ ಮಿತ್ರನನ್ನು ವಂಚಿಸಿದವರಿಗೆ ನೆಲದ ಕಡೆಯ ಭಯ ಹೆಚ್ಚಿದ್ದು ಸಹಜವೇ. ಸೂರ್ಯ, ಚಂದ್ರ, ನಕ್ಷತ್ರ ಎಂಬ ಹೆಸರಿನ ಮೂರು ಬೃಹತ್ ಕೊತ್ತಲಗಳು ಇದೇ ಬದಿಯಲ್ಲಿ ಸಾಲಾಗಿ ನಿಂತಿವೆ.

ಇಂದು ಪ್ರವಾಸಿಗರು ಒಳಹೋಗುವ ಮುಖ್ಯ ದ್ವಾರವೂ ಇದೇ ಗೋಡೆಯಲ್ಲಿದೆ ಎಂಬುದನ್ನು ಗಮನಿಸಬೇಕು. ಸೂರ್ಯ ಮತ್ತು ಚಂದ್ರ ಕೊತ್ತಲಗಳ ನಡುವೆ ಬ್ರಿಟಿಷರು ಅದನ್ನು ತೆರೆದದ್ದು 1873ರಲ್ಲಿ. ಕೋಟೆಯ ಅತ್ಯಂತ ಬಲವಾದ ಭಾಗವನ್ನೇ ಒಡೆದು ದಾರಿ ಮಾಡುವ ಧೈರ್ಯ ಅವರಿಗೆ ಬಂದದ್ದು, 1815ರಲ್ಲಿ ಕ್ಯಾಂಡಿ ರಾಜ್ಯವೂ ಅವರ ಕೈಸೇರಿ, ನೆಲದ ಕಡೆಯಿಂದ ದಾಳಿ ಮಾಡುವ ಅರಸನೇ ಉಳಿಯದಿದ್ದುದರಿಂದ ಎಂದು ನನಗೆ ತೋರುತ್ತದೆ.

ಕಡಲ ಬದಿಯ ಗೋಡೆಗಳ ಕಥೆ ಬೇರೆ. ಡಚ್ಚರು ಭೂಶಿರವನ್ನು ಸುತ್ತುವರಿದು ಒಟ್ಟು 14 ಕೊತ್ತಲಗಳನ್ನು ನಿಲ್ಲಿಸಿದರು. ಗೋಡೆಯ ಹತ್ತಿರ ಹೋಗಿ ನೋಡಿದರೆ ಕಗ್ಗಲ್ಲಿನ ನಡುವೆ ಹವಳದ ಕಲ್ಲಿನ ತುಂಡುಗಳು ಕಾಣುತ್ತವೆ. ಕಡಲು ಕೊಟ್ಟದ್ದರಿಂದಲೇ ಕಡಲಿಗೆ ತಡೆ ಕಟ್ಟಿದ್ದರು. ಊರಿನ ಕೊಳೆಯನ್ನು ಉಬ್ಬರವಿಳಿತದ ನೀರೇ ತೊಳೆದೊಯ್ಯುವಂತೆ ನೆಲದಡಿಯಲ್ಲಿ ಚರಂಡಿಗಳನ್ನೂ ಅವರು ರೂಪಿಸಿದ್ದರು. 2004ರ ಸುನಾಮಿ ಹೊರಗಿನ ಪಟ್ಟಣವನ್ನು ಭೀಕರವಾಗಿ ಹಾಳುಮಾಡಿದಾಗ, ಈ ಗೋಡೆಗಳೊಳಗಿನ ಮನೆಗಳು ಬಹುಮಟ್ಟಿಗೆ ಉಳಿದವು.

ಕೊನೆಗೆ ಬಂದರಿನ ಕಡೆಯ ಹಳೆಯ ದ್ವಾರಕ್ಕೆ ಬನ್ನಿ, ಅವಸರ ಮಾಡಬೇಡಿ. ಹೊರಮುಖದಲ್ಲಿ ಬ್ರಿಟಿಷ್ ರಾಜಲಾಂಛನವಿದೆ. ಕಮಾನು ದಾಟಿ ಹಿಂದಿರುಗಿ ನೋಡಿದರೆ, ಒಳಮುಖದಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಯ ಚಿಹ್ನೆ, ಅದರ ಎರಡೂ ಪಕ್ಕ ಸಿಂಹಗಳು, ಮೇಲೊಂದು ಹುಂಜ ಮತ್ತು 1669 ಎಂಬ ಇಸವಿ ಕಾಣಿಸುತ್ತವೆ. 1796ರಲ್ಲಿ ಕೋಟೆಯನ್ನು ವಶಪಡಿಸಿಕೊಂಡ ಬ್ರಿಟಿಷರು ಹಡಗಿನಿಂದ ಇಳಿದು ಬರುವವರ ಕಣ್ಣಿಗೆ ಬೀಳುವ ಕಡೆ ತಮ್ಮ ಗುರುತನ್ನಿಟ್ಟರು, ಹಿಂದಿನವರ ಗುರುತನ್ನು ಒಳಗಿನ ಜನರ ಕಣ್ಣೆದುರು ಹಾಗೆಯೇ ಬಿಟ್ಟರು.