ಗಂಟೇನೋ ಬಿತ್ತು, ನಿಂತಿದೆಯೇ?

ಪಶುವೈದ್ಯ ವಿದ್ಯಾರ್ಥಿಗಳನ್ನು ಶಸ್ತ್ರಚಿಕಿತ್ಸೆಯ ಮಾದರಿಗಳ ಮುಂದೆ ಕೂರಿಸಿದರೆ ಮೊದಲು ಹೊರಬರುವುದು ಸ್ಟಾಪ್‌ವಾಚ್. ನಿಮಿಷಕ್ಕೆ ಎಷ್ಟು ಗಂಟು ಎಂಬ ಪೈಪೋಟಿ. ಹಾಕಿದ ಗಂಟನ್ನು ಕತ್ತರಿಸಿ ತೆಗೆದು ನೋಡುವವರು ಮಾತ್ರ ಅಪರೂಪ. ಹೆಣ್ಣುನಾಯಿಯ ಸಂತಾನಹರಣ ಶಸ್ತ್ರಚಿಕಿತ್ಸೆಯಲ್ಲಿ ಅಂಡಾಶಯದ ತೊಟ್ಟಿಗೆ (ರಕ್ತನಾಳಗಳಿರುವ ಅದರ ಬುಡಕ್ಕೆ) ಕಟ್ಟಿದ ಲಿಗೇಚರ್, ಅಂದರೆ ರಕ್ತ ನಿಲ್ಲಿಸುವ ದಾರದ ಕಟ್ಟು, ಜಾರಿದರೆ ರಕ್ತ ಹೊಟ್ಟೆಯೊಳಗೇ ಸುರಿಯುತ್ತದೆ. ತೊಟ್ಟು ಮೂತ್ರಪಿಂಡದತ್ತ ಸರಿದು ಕೈಗೆ ಸಿಗುವುದಿಲ್ಲ. ಅಲ್ಲಿ ವೇಗಕ್ಕೆ ಅಂಕವಿಲ್ಲ.

ಸ್ಕ್ವೇರ್ ನಾಟ್, ಅಂದರೆ ಎರಡು ಸುತ್ತು ಒಂದಕ್ಕೊಂದು ವಿರುದ್ಧವಾಗಿ ಕೂರುವ ಚಪ್ಪಟೆ ಗಂಟು, ಹಾಕುವುದು ಎಲ್ಲರಿಗೂ ಗೊತ್ತು. ಕೆಡುವುದು ಎಳೆಯುವಾಗ. ಎರಡೂ ತುದಿಗಳನ್ನು ಸಮಬಲದಲ್ಲಿ, ತೊಟ್ಟಿನ ಮಟ್ಟದಲ್ಲೇ, ವಿರುದ್ಧ ದಿಕ್ಕಿಗೆ ಎಳೆಯಬೇಕು. ಪ್ರತಿ ಥ್ರೋಗೂ (ಗಂಟಿನ ಒಂದೊಂದು ಸುತ್ತಿಗೂ) ಕೈಗಳ ದಿಕ್ಕು ಅದಲುಬದಲಾಗಬೇಕು. ನೀಡಲ್ ಹೋಲ್ಡರ್ (ಸೂಜಿ ಹಿಡಿಯುವ ಇಕ್ಕಳ) ಹಿಡಿದ ಕೈ ಅರಿವಿಲ್ಲದೆ ಮೇಲೆದ್ದರೆ ಒಂದು ಎಳೆ ಸೆಟೆದು ನಿಲ್ಲುತ್ತದೆ, ಇನ್ನೊಂದು ಅದಕ್ಕೆ ಸುತ್ತಿಕೊಳ್ಳುತ್ತದೆ. ಆಗ ಉಳಿಯುವುದು ಸ್ಕ್ವೇರ್ ನಾಟ್ ಅಲ್ಲ, ಹಾಫ್ ಹಿಚ್‌ಗಳ, ಅಂದರೆ ನೇರ ಎಳೆಯ ಮೇಲೆ ಜಾರಬಲ್ಲ ಕುಣಿಕೆಗಳ ಸಾಲು. ನೋಡಲು ಬಿಗಿಯಾಗಿಯೇ ಇರುತ್ತದೆ, ಮೋಸ ಇರುವುದು ಅಲ್ಲೇ.

ಪತ್ತೆ ಹಚ್ಚುವುದು ಸುಲಭ. ಕೆಂಪು ಮತ್ತು ನೀಲಿ ದಾರಗಳನ್ನು ತುದಿಗೆ ತುದಿ ಜೋಡಿಸಿ, ಜೋಡಣೆ ತೊಟ್ಟಿನ ಹಿಂಬದಿಗೆ ಬರುವಂತೆ ಕಟ್ಟಿ. ನಂತರ ಹಿಂಬದಿಯಲ್ಲೇ ಕತ್ತರಿಸಿ ಗಂಟನ್ನು ಅಂಗೈಗೆ ತೆಗೆದುಕೊಳ್ಳಿ. ಎರಡು ಬಣ್ಣವೂ ಒಂದೇ ರೀತಿ ಬಾಗಿದ್ದರೆ ಸರಿ. ಒಂದು ಬಣ್ಣ ನೇರವಾಗಿದ್ದು ಉಗುರಿನಿಂದ ತಳ್ಳಿದಾಗ ಗಂಟು ಅದರ ಮೇಲೆ ಜಾರಿದರೆ, ಅದೇ ತಪ್ಪು. ಹತ್ತಿಯ ದಾರದಲ್ಲಿ ಘರ್ಷಣೆ ಹೆಚ್ಚು, ಕೆಟ್ಟ ಗಂಟೂ ನಿಲ್ಲುತ್ತದೆ. ಕೈ ಕುದುರಿದ ಮೇಲೆ ಮಾನೋಫಿಲಮೆಂಟ್ (ಒಂದೇ ಎಳೆಯ ನುಣುಪಾದ) ನೈಲಾನ್‌ಗೆ ಬನ್ನಿ, ಅದು ಯಾರ ಮುಲಾಜೂ ನೋಡುವುದಿಲ್ಲ.

ಇನ್ನು ತೊಟ್ಟಿನ ಮಾದರಿ. ಬರೀ ರಬ್ಬರ್ ನಳಿಕೆಗೆ ಕಟ್ಟಿ ಅಭ್ಯಾಸ ಮಾಡಿದರೆ ಪ್ರಯೋಜನ ಕಡಿಮೆ. ನಿಜವಾದ ತೊಟ್ಟಿನಲ್ಲಿ ರಕ್ತನಾಳದ ಸುತ್ತ ಜಾರುವ ಕೊಬ್ಬಿರುತ್ತದೆ. ತೆಳು ಲೇಟೆಕ್ಸ್ ನಳಿಕೆಗೆ ಎಣ್ಣೆ ಸವರಿದ ಸ್ಪಂಜಿನ ಪಟ್ಟಿ ಸುತ್ತಿ, ಗ್ಲೌಸಿನ ಬೆರಳೊಳಗೆ ತೂರಿಸಿ. ನಳಿಕೆಯ ಒಂದು ತುದಿಯನ್ನು ಡ್ರಿಪ್ ಸೆಟ್ ಮೂಲಕ ಕೆಂಪು ಬಣ್ಣ ಬೆರೆಸಿದ ಸಲೈನ್ ಚೀಲಕ್ಕೆ ಜೋಡಿಸಿ. ದ್ರವದ ಮಟ್ಟ ತೊಟ್ಟಿಗಿಂತ 130 ಸೆಂ.ಮೀ. ಎತ್ತರದಲ್ಲಿದ್ದರೆ ಒತ್ತಡ ಸುಮಾರು 95 ಮಿ.ಮೀ. ಪಾದರಸದಷ್ಟು. ಅರಿವಳಿಕೆಯಲ್ಲಿ ನಾಯಿಯ ರಕ್ತದೊತ್ತಡ ಇದಕ್ಕಿಂತ ಕೆಳಗೇ ಇರಬಹುದು, ಆದರೆ ಎಚ್ಚರವಾದಾಗ ಏರುತ್ತದೆ. ಚೀಲವನ್ನು ಮೇಜಿನ ಮೇಲೇ ಇಟ್ಟುಕೊಂಡರೆ ಎಂಥ ಗಂಟೂ ಪಾಸ್!

ತೊಟ್ಟನ್ನು ಅದುಮಿ ಹಿಡಿಯುವ ಕ್ಲಾಂಪಿನ ವಿಷಯದಲ್ಲೂ ಇದೇ ಎಡವಟ್ಟು. ಕ್ಲಾಂಪ್ ಹಿಡಿದಲ್ಲಿ ಅಂಗಾಂಶ ಬೀಸಣಿಗೆಯಂತೆ ಹರಡುತ್ತದೆ. ಅದು ಹಿಡಿದಿರುವಾಗಲೇ ಪಕ್ಕದಲ್ಲಿ ಕಟ್ಟಿ ಮುಗಿಸಿದರೆ, ಬಿಟ್ಟೊಡನೆ ತೊಟ್ಟು ಕಿರಿದಾಗಿ ಗಂಟು ಸಡಿಲವಾಗುತ್ತದೆ. ಮೊದಲ ಥ್ರೋ ಬಿಗಿಯಾಗುತ್ತಿರುವಾಗಲೇ ಸಹಾಯಕರು ದೇಹದ ಕಡೆಯ ಕ್ಲಾಂಪನ್ನು ತೆರೆಯಬೇಕು, ದಾರ ಅದು ಜಜ್ಜಿದ ಗೆರೆಯಲ್ಲಿ ಕೂರಬೇಕು. ಮೊದಲ ಥ್ರೋ ಜಾರುತ್ತದೆಂದು ಸರ್ಜನ್ಸ್ ನಾಟ್, ಅಂದರೆ ಮೊದಲ ಥ್ರೋದಲ್ಲಿ ದಾರವನ್ನು ಎರಡು ಬಾರಿ ಸುತ್ತುವ ಗಂಟು, ಹಾಕುವವರಿದ್ದಾರೆ. ಜೋಡಿ ಸುತ್ತಿನ ಘರ್ಷಣೆಯಿಂದ ದಾರ ಪೂರ್ತಿ ಬಿಗಿಯಾಗುವ ಮೊದಲೇ ಕಚ್ಚಿಕೊಳ್ಳಬಹುದು. ಬಿಗಿತ ಹೆಚ್ಚಿರುವ ಚರ್ಮದ ಹೊಲಿಗೆಗೆ ಅದು ಸರಿ, ರಕ್ತನಾಳದ ಮೇಲೆ ಸಾಮಾನ್ಯವಾಗಿ ಬೇಡ.

ಕಟ್ಟಿದ ಮೇಲೆ ಡ್ರಿಪ್ ಪೂರ್ತಿ ತೆರೆದು ಐದು ನಿಮಿಷ ಬಿಡಿ. ತೊಟ್ಟಿನ ಅಂಚನ್ನು ಥಂಬ್ ಫೋರ್ಸೆಪ್ಸ್‌ನಿಂದ (ಚಿಮಟದಿಂದ) ಹಿಡಿದು ಮೆಲ್ಲನೆ ಅಲುಗಾಡಿಸಿ. ಒಂದು ಹನಿ ಬಂದರೂ ಫೇಲ್.

ಮಾದರಿ ಎಲ್ಲವನ್ನೂ ಕಲಿಸದು. ರಬ್ಬರಿನಲ್ಲಿ ಜಜ್ಜಿದ ಗೆರೆ ಉಳಿಯುವುದಿಲ್ಲ, ಸ್ಪಂಜು ಅತಿಯಾಗಿ ಎಳೆದರೂ ನಿಜವಾದ ಅಂಗಾಂಶದಂತೆ ಹರಿಯುವುದಿಲ್ಲ. ಹಾಗಾಗಿ ಇಲ್ಲಿ ಪಾಸಾದವರ ಎದುರಿಗೂ ಮೊದಲ ನಿಜವಾದ ಶಸ್ತ್ರಚಿಕಿತ್ಸೆಗಳಲ್ಲಿ ಅನುಭವಿ ಕೈಯೊಂದು ಇರಲೇಬೇಕು. ಅಭ್ಯಾಸಕ್ಕೆ ಅವಧಿ ಮೀರಿದ ಸೂಚರ್ (ಹೊಲಿಗೆ ದಾರ) ಸಾಕು, ಆದರೆ ಪ್ಯಾಕೆಟ್‌ಗಳಿಗೆ ದೊಡ್ಡದಾಗಿ ಗುರುತು ಹಾಕಿ ಬೇರೆ ಡಬ್ಬಿಯಲ್ಲಿಡಿ. ಥಿಯೇಟರಿನ ಕಪಾಟಿಗೆ ಅವು ಸೇರಬಾರದು.